ಎರಡು ನಿಮಿಷದಲ್ಲಿ ಒಡೆದ ಬೀಗ: ಒಂದು ರೋಲ್‌ಪ್ಲೇ ಪ್ರಕರಣ

ನಮ್ಮದು ಐದು ಜನರ ಗುಂಪು. ಶನಿವಾರ ರಾತ್ರಿ ಊಟ ಮುಗಿಸಿ ಒಂಬತ್ತೂವರೆಗೆ ಫೋನ್ ಹಿಡಿದು ಕೂತರೆ ಹನ್ನೊಂದೂವರೆ ತನಕ ಐವರೂ ಸೇರಿ ಒಂದೇ ಕಥೆ ಬರೆಯುತ್ತೇವೆ. ನಾಲ್ವರಿಗೆ ಒಂದೊಂದು ಪಾತ್ರ. ಅವರವರ ಪಾತ್ರದ ಮಾತು, ನಡೆ, ಮನಸ್ಸು ಅವರವರದೇ. ನನಗೆ ಪಾತ್ರವಿಲ್ಲ, ಊರು, ಮಳೆ, ಬಸ್ಸು, ದಾರಿಹೋಕರು ನನ್ನ ಪಾಲು. ತಕರಾರು ಬಂದರೆ ತೀರ್ಮಾನವೂ ನನ್ನದೇ. ಅದಕ್ಕೆ ಯಕ್ಷಗಾನದ ಲೆಕ್ಕದಲ್ಲಿ ನನ್ನನ್ನು ‘ಭಾಗವತರು’ ಅನ್ನುತ್ತಾರೆ, ಅರ್ಧ ಗೌರವಕ್ಕೆ, ಅರ್ಧ ತಮಾಷೆಗೆ. ಪಾತ್ರ ಬಿಟ್ಟು ಸ್ವಂತಕ್ಕೆ ಏನಾದರೂ ಹೇಳಬೇಕೆಂದರೆ ಜೋಡಿ ಬ್ರಾಕೆಟ್ ಹಾಕಿ ಬರೆಯುವುದು ರೂಢಿ. ಅದು ‘ಬ್ರಾಕೆಟ್ ಮಾತು’.

ಕಥೆ ನಡೆಯುವುದು 2019ರ ಮಳೆಗಾಲದಲ್ಲಿ, ನೀರ್ಕೋಡು ಎಂಬ ನಾವೇ ಕಟ್ಟಿಕೊಂಡ ಮಲೆನಾಡಿನ ಊರಿನಲ್ಲಿ. ಹಿನ್ನೀರಲ್ಲಿ ಮುಳುಗಿದ ಹಳ್ಳಿಗಳ ಪರಿಹಾರದ ಹಣ ಯಾರ್ಯಾರದೋ ಕೈ ಸೇರಿದೆ. ಶರಾವತಿ ಕಣಿವೆಯಲ್ಲಿ ಹುಟ್ಟಿದವರಿಗೆ ಈ ಕಥೆಯ ಬುಡ ಯಾವುದೆಂದು ಬಿಡಿಸಿ ಹೇಳಬೇಕಿಲ್ಲ. ಹಣ ನುಂಗಿದವರ ಪಟ್ಟಿ ಇರುವುದು ನಿವೃತ್ತ ಸಂಗೀತ ಮೇಷ್ಟ್ರು ಶೇಷಗಿರಿಯವರ ಹಳೇ ಲ್ಯಾಪ್‌ಟಾಪಿನಲ್ಲಿ. ಮೇಷ್ಟ್ರ ಪಾತ್ರ ಬರೆಯುವವರು ಮೈಸೂರಿನ ಒಬ್ಬ ಹೆಂಗಸು. ಸ್ವತಃ ಹದಿನೈದು ವರ್ಷ ಕರ್ನಾಟಕ ಸಂಗೀತ ಕಲಿತವರು, ಎಲ್ಲರಿಗೂ ಅಕ್ಕ. ಬಸ್‌ಸ್ಟ್ಯಾಂಡ್ ಎದುರಿನ ಮೊಬೈಲ್ ರಿಪೇರಿ ಅಂಗಡಿಯ ತುಂಗಾ ಶಿವಮೊಗ್ಗದ ಡಿಗ್ರಿ ಹುಡುಗನ ಪಾತ್ರ. ಸಬ್ ಇನ್ಸ್‌ಪೆಕ್ಟರನನ್ನು ಬರೆಯುವವನು ಬೆಂಗಳೂರಿನಲ್ಲಿ ನೆಟ್‌ವರ್ಕ್ ಸೆಕ್ಯುರಿಟಿ ಕೆಲಸದಲ್ಲಿದ್ದಾನೆ. ಪಂಚಾಯಿತಿಯ ಪಿಡಿಒ ಪಾತ್ರ ಪುತ್ತೂರಿನ ಕಾಲೇಜು ಉಪನ್ಯಾಸಕರದು. ಅವರು ತಾಳಮದ್ದಲೆಯಲ್ಲಿ, ಅಂದರೆ ವೇಷವಿಲ್ಲದೆ ಕೂತು ಮಾತಲ್ಲೇ ನಡೆಸುವ ಯಕ್ಷಗಾನದಲ್ಲಿ, ಪಾತ್ರದ ಅರ್ಥ ಹೇಳುವ ಅರ್ಥಧಾರಿಯೂ ಹೌದು. ಈ ಕೊನೆಯ ಸಂಗತಿ ನಮ್ಮ ಉಪಯೋಗಕ್ಕೆ ಬಂದದ್ದು ಬಹಳ ತಡವಾಗಿ.

ಏಳನೆಯ ಶನಿವಾರ ಹುಡುಗ ಹೀಗೆ ಬರೆದ: “ಮೇಷ್ಟ್ರು ಹಾಲು ತರಲು ಹೋಗಿದ್ದರು. ತುಂಗಾ ಲ್ಯಾಪ್‌ಟಾಪ್ ತೆರೆದಳು. ಬೆರಳುಗಳು ಓಡಿದವು. ಎರಡೇ ನಿಮಿಷ. ಎನ್‌ಕ್ರಿಪ್ಷನ್ ಒಡೆದಿತ್ತು. ಎಲ್ಲ ಫೈಲು ಅವಳ ಪೆನ್‌ಡ್ರೈವಿನಲ್ಲಿತ್ತು.”

ಇಪ್ಪತ್ತು ನಿಮಿಷ ಯಾರೂ ಏನೂ ಬರೆಯಲಿಲ್ಲ. ಆಮೇಲೆ ಅಕ್ಕನ ಬ್ರಾಕೆಟ್ ಮಾತು ಬಂತು: “ಏಳು ವಾರದಿಂದ ಕಾಪಾಡಿಕೊಂಡು ಬಂದಿದ್ದೀನಿ ಕಣೋ. ಹಾಲು ತರೋಷ್ಟರಲ್ಲಿ ಮುಗಿಸಿಬಿಟ್ಯಾ?” ಹುಡುಗನ ಉತ್ತರವೂ ನ್ಯಾಯವಾಗಿಯೇ ಇತ್ತು: “ಅಕ್ಕಾ, ತುಂಗಾ ಹ್ಯಾಕರ್ ಅಂತ ಮೊದಲ ದಿನವೇ ಬರೆದಿದ್ದೆ. ಎಲ್ಲರೂ ಒಪ್ಪಿದ್ರಿ.”

ಪಾತ್ರದ ಹಾಳೆಗಳನ್ನು ತೆರೆದು ನೋಡಿದೆ. ತುಂಗಾಳ ಹಾಳೆಯಲ್ಲಿ ‘ಯಾವ ಸಿಸ್ಟಮ್ ಆದರೂ ಒಡೆಯುತ್ತಾಳೆ’ ಎಂದಿತ್ತು. ಮೇಷ್ಟ್ರ ಹಾಳೆಯಲ್ಲಿ ‘ಲ್ಯಾಪ್‌ಟಾಪ್ ಯಾರ ಕೈಲೂ ತೆರೆಯಲಾಗದು’ ಎಂದಿತ್ತು. ಎರಡಕ್ಕೂ ‘ಸರಿ’ ಎಂದು ಬರೆದವನು ನಾನು, ಒಂದೇ ಸಂಜೆ, ಹತ್ತು ನಿಮಿಷದ ಅಂತರದಲ್ಲಿ. ಗುರಿ ತಪ್ಪದ ಬಾಣ ಒಬ್ಬರಿಗೆ, ಬಾಣ ತಾಗದ ಕವಚ ಇನ್ನೊಬ್ಬರಿಗೆ ಕೊಟ್ಟು, ಇಬ್ಬರನ್ನೂ ಒಂದೇ ಅಂಗಳಕ್ಕೆ ಬಿಟ್ಟಿದ್ದೆ. ಇದು ಹುಡುಗನ ತಪ್ಪಲ್ಲ. ಆದರೂ ಆ ರಾತ್ರಿ ನಾನು ಅವನಿಗೇ ‘ಗಾಡ್‌ಮೋಡಿಂಗ್ ಬೇಡ’ ಎಂದು ಬರೆದೆ. ಇನ್ನೊಬ್ಬರ ಪಾತ್ರಕ್ಕೆ ಉಳಿವೇ ಇಲ್ಲದ ಹಾಗೆ ತನ್ನ ಪಾತ್ರವನ್ನು ದೇವರು ಮಾಡಿಕೊಳ್ಳುವುದಕ್ಕೆ ರೋಲ್‌ಪ್ಲೇ ಮಂದಿ ಹಾಗೆನ್ನುತ್ತಾರೆ. ಅಕ್ಕನ ‘ಯಾರ ಕೈಲೂ ತೆರೆಯಲಾಗದು’ ಕೂಡ ಅದೇ ಜಾತಿಯದು ಎಂದು ನನಗೆ ಹೊಳೆಯಲಿಲ್ಲ. ಕತ್ತಿ ಬೀಸಿದವನು ಕಣ್ಣಿಗೆ ಬೀಳುತ್ತಾನೆ, ಗೋಡೆ ಕಟ್ಟಿದವರು ಬೀಳುವುದಿಲ್ಲ.

ಆ ಭಾಗವನ್ನು ಸದ್ಯಕ್ಕೆ ‘ನಡೆದಿಲ್ಲ’ ಎಂದು ತೆಗೆದಿಟ್ಟೆವು.

ಮೊದಲು ಹೊಳೆದ ಮದ್ದು ಅಂಕಿ. ಹ್ಯಾಕಿಂಗ್‌ಗೆ ಹತ್ತರಲ್ಲಿ ಇಷ್ಟು, ಬೀಗಕ್ಕೆ ಹತ್ತರಲ್ಲಿ ಇಷ್ಟು, ದೊಡ್ಡದು ಗೆಲ್ಲುತ್ತದೆ. ತುಂಗಾಗೆ 8, ಮೇಷ್ಟ್ರ ಬೀಗಕ್ಕೆ 9. ಮುಂದಿನ ವಾರ ತುಂಗಾ ಒಂದು ಕೋರ್ಸ್ ಮುಗಿಸಿ 9 ಆದಳು. ಅದೇ ವಾರ ಮೇಷ್ಟ್ರು ಪಾಸ್‌ವರ್ಡ್ ಬದಲಾಯಿಸಿ 10 ಆದರು. ಎರಡು ವಾರಕ್ಕೇ ಸಾಕಾಯಿತು. ಗೆದ್ದವರು ಯಾರೆಂದು ಅಂಕಿ ಹೇಳುತ್ತದೆ, ಹೇಗೆ ಗೆದ್ದರೆಂದು ಹೇಳುವುದಿಲ್ಲ. ನಮಗೆ ಬರೆಯುವುದಕ್ಕೆ ಬೇಕಾಗಿದ್ದುದು ಆ ‘ಹೇಗೆ’ ಮಾತ್ರ.

ಎರಡನೆಯ ಮದ್ದು ‘ನಿಜದಲ್ಲಿ ಹೇಗೋ ಹಾಗೆ’. ನಮ್ಮೊಳಗೇ ಬಲ್ಲವನೊಬ್ಬ ಇದ್ದಾನಲ್ಲ, ಅವನೇ ನ್ಯಾಯ ಹೇಳಲಿ ಎಂದುಕೊಂಡೆವು. ಬೆಂಗಳೂರಿನವನು ಉತ್ಸಾಹದಿಂದ ಲೆಕ್ಕ ಬಿಡಿಸಿದ. ಡಿಇಎಸ್ ಎಂಬ ಹಳೆಯ ಗೂಢಲಿಪಿಯ (ಎನ್‌ಕ್ರಿಪ್ಷನ್ನಿನ) ಕೀಲಿ 56 ಬಿಟ್, ಒಂದೊಂದು ಬಿಟ್ ಹೆಚ್ಚಿದಂತೆ ಸಾಧ್ಯತೆ ಎರಡು ಪಟ್ಟಾಗುತ್ತದೆ. 1998ರಲ್ಲಿ ಅಮೆರಿಕದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಎರಡೂವರೆ ಲಕ್ಷ ಡಾಲರ್‌ನೊಳಗೆ ಒಂದು ಯಂತ್ರ ಕಟ್ಟಿ, ಆ ಕೀಲಿಯನ್ನು 56 ಗಂಟೆಯಲ್ಲಿ ಹುಡುಕಿತು. ಮರುವರ್ಷ ಜನವರಿಯಲ್ಲಿ ಅದೇ ಯಂತ್ರದ ಜೊತೆ ಅಂತರ್ಜಾಲದ ಸಾವಿರಾರು ಕಂಪ್ಯೂಟರ್ ಸೇರಿದಾಗ ಬೇಕಾದದ್ದು 22 ಗಂಟೆ 15 ನಿಮಿಷ. 2001ರಲ್ಲಿ ಅದರ ಜಾಗಕ್ಕೆ ಎಇಎಸ್ ಬಂತು. ಅದರ ಅತಿ ಚಿಕ್ಕ ಕೀಲಿಯೇ 128 ಬಿಟ್. ಸೆಕೆಂಡಿಗೆ ಒಂದು ಲಕ್ಷ ಕೋಟಿ ಕೀಲಿ ಹಾಕಿ ನೋಡಿದರೂ ಎಲ್ಲವನ್ನೂ ಮುಗಿಸಲು ವಿಶ್ವದ ಈಗಿನ ವಯಸ್ಸಿನ 75 ಕೋಟಿ ಪಟ್ಟಿಗೂ ಹೆಚ್ಚು ಕಾಲ ಬೇಕು. “ಹಾಗಾಗಿ ತುಂಗಾಗೆ ಆಗಲ್ಲ,” ಎಂದು ಮುಗಿಸಿದ.

ಲೆಕ್ಕದಲ್ಲಿ ತಪ್ಪಿರಲಿಲ್ಲ. ಹುಡುಗ ಎರಡು ಶನಿವಾರ ಬರಲಿಲ್ಲ.

ಮೂರನೆಯ ವಾರ ಬಂದವನು ತುಂಗಾಳನ್ನು ಅಂಗಡಿಯಲ್ಲಿ ಕೂರಿಸಿ ಸ್ಕ್ರೀನ್‌ಗಾರ್ಡ್ ಅಂಟಿಸುತ್ತಾ ಇದ್ದುಬಿಟ್ಟ. ಅವಳು ಏನು ಮಾಡಹೊರಟರೂ ಬೆಂಗಳೂರಿನವನ ಅಪ್ಪಣೆ ಬೇಕಿತ್ತು, ಅವನು ಹತ್ತರಲ್ಲಿ ಒಂಬತ್ತು ಸಲ ಬೇಡ ಎನ್ನುತ್ತಿದ್ದ. ಗೊತ್ತಿರುವವನು ಆಡುವವನೂ ಆಗಿದ್ದಾಗ ಅವನ ಗೊತ್ತೇ ಅವನ ಪಾತ್ರದ ಆಯುಧವಾಗುತ್ತದೆ. ಸಬ್ ಇನ್ಸ್‌ಪೆಕ್ಟರ್‌ಗೂ ಅದೇ ಪಟ್ಟಿ ಬೇಕಿತ್ತು, ಅದನ್ನು ಮರೆಯಬಾರದು. ಅವನು ಬೇಕೆಂದು ಮಾಡಿದನೆಂದು ನಾನು ಹೇಳುತ್ತಿಲ್ಲ.

ಆದರೆ ದಾರಿ ತೆರೆದದ್ದೂ ಅವನದೇ ಒಂದು ಮಾತಿನಿಂದ. ನಾನು ಬೇಸತ್ತು ಕೇಳಿದೆ: “ಇಷ್ಟು ಗಟ್ಟಿ ಬೀಗ ಇದ್ದರೆ ದಿನಾ ಪೇಪರಿನಲ್ಲಿ ಬರುವ ಕಳ್ಳತನ ಎಲ್ಲ ಹೇಗಪ್ಪ ಆಗ್ತವೆ?” ಅವನೆಂದ: “ಬೀಗ ಯಾರೂ ಮುಟ್ಟಲ್ಲ ಭಾಗವತರೇ. ಕೀಲಿ ಇರೋ ಮನುಷ್ಯನ ಹತ್ತಿರ ಹೋಗ್ತಾರೆ.” ಆಮೇಲೆ ಸಿಲ್ಕ್ ರೋಡ್ ಎಂಬ ಅಂತರ್ಜಾಲದ ಕಳ್ಳಮಾರುಕಟ್ಟೆ ನಡೆಸುತ್ತಿದ್ದ ರಾಸ್ ಉಲ್‌ಬ್ರಿಕ್ಟ್‌ನನ್ನು ಹಿಡಿದ ಕಥೆ ಹೇಳಿದ. 2013ರ ಅಕ್ಟೋಬರ್ 1, ಸ್ಯಾನ್ ಫ್ರಾನ್ಸಿಸ್ಕೋದ ಗ್ಲೆನ್ ಪಾರ್ಕ್ ಗ್ರಂಥಾಲಯ. ಲ್ಯಾಪ್‌ಟಾಪ್ ಮುಚ್ಚಿಬಿಟ್ಟರೆ ಗೂಢಲಿಪಿಯ ಹಿಂದೆ ಎಲ್ಲ ಮಾಯ. ಹಾಗಾಗಿ ಅವನ ಬೆನ್ನ ಹಿಂದೆ ಮಫ್ತಿಯಲ್ಲಿದ್ದ ಇಬ್ಬರು ಗಂಡ-ಹೆಂಡಿರ ಹಾಗೆ ಜಗಳ ತೆಗೆದರು. ಅವನು ತಿರುಗಿ ನೋಡಿದ. ಎದುರಿನಿಂದ ಕೈಯೊಂದು ಬಂದು ತೆರೆದಿದ್ದ ಲ್ಯಾಪ್‌ಟಾಪನ್ನು ಎತ್ತಿಕೊಂಡಿತು. ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನ ಕಥೆಯೂ ಬಂತು: 2016ರ ಫೆಬ್ರವರಿಯಲ್ಲಿ 8.1 ಕೋಟಿ ಡಾಲರ್ ಹೋಯಿತು, ಆದರೆ ಕಳ್ಳರು ಒಳಗೆ ಕಾಲಿಡಲು ಕೆಲಸ ಕೇಳುವ ಅಭ್ಯರ್ಥಿಯ ವೇಷದಲ್ಲಿ ಇಮೇಲ್ ಕಳಿಸಿದ್ದು ಅದಕ್ಕೂ ಒಂದು ವರ್ಷ ಹಿಂದೆ. ಅಲ್ಲಿಂದ ಶ್ರೀಲಂಕಾಕ್ಕೆ ಹೊರಟಿದ್ದ ಇನ್ನೆರಡು ಕೋಟಿ ಡಾಲರ್ ನಿಂತದ್ದು ಒಂದು ಕಾಗುಣಿತ ತಪ್ಪಿನಿಂದ; ಫೌಂಡೇಶನ್ ಎಂಬ ಪದವನ್ನು ಅವರು ‘ಫ್ಯಾಂಡೇಶನ್’ ಎಂಬಂತೆ ಬರೆದಿದ್ದರು.

ಈ ಕಥೆಗಳನ್ನು ಓದುತ್ತಾ ಎರಡು ವಾರದ ಮೇಲೆ ಮೊದಲ ಸಲ ಹುಡುಗ ಮಾತಾಡಿದ: “ಅಂದ್ರೆ ಜಗಳ ಆಡೋರು ಇಬ್ಬರು ಬೇಕು, ಎತ್ಕೊಳ್ಳೋರು ಒಬ್ಬರು ಬೇಕು. ತುಂಗಾ ಒಬ್ಬಳೇ ಅಲ್ಲ.”

ಇದು ದೊಡ್ಡ ಮಾತು. 1980ರ ದಶಕದ ಕೊನೆಗೆ ಬಂದ ಸೈಬರ್‌ಪಂಕ್ ಮೇಜಿನ ಆಟಗಳ, ಅಂದರೆ ಹ್ಯಾಕರ್‌ಗಳಿರುವ ಭವಿಷ್ಯದ ಕಥೆಯನ್ನು ಮೇಜಿನ ಸುತ್ತ ಕೂತು ಆಡುವ ಆಟಗಳ, ಹಳೇ ಕಾಯಿಲೆ ಒಬ್ಬನೇ ಆಡುವುದು ಆಗಿತ್ತು. ಹ್ಯಾಕರ್ ಪಾತ್ರ ನೆಟ್‌ವರ್ಕಿನೊಳಗೆ ಇಳಿದರೆ ಅವನೂ ಆಟ ನಡೆಸುವವನೂ ಇಬ್ಬರೇ ಗಂಟೆಗಟ್ಟಲೆ ಆಡುತ್ತಿದ್ದರು, ಉಳಿದವರು ಚಿಪ್ಸ್ ತಿನ್ನುತ್ತಾ ಕೂರುತ್ತಿದ್ದರು.

ಆಗ ಪುತ್ತೂರಿನ ಸರ್ ಬಾಯಿ ಬಿಟ್ಟರು. ಅಲ್ಲಿತನಕ ಅವರು ಪಿಡಿಒ ಬಾಯಲ್ಲಿ ನರೇಗಾ ಬಿಲ್ಲಿನ ಬಗ್ಗೆ ಹಾಸ್ಯ ಬಿಟ್ಟು ಬೇರೇನೂ ಬರೆದವರಲ್ಲ. ಅವರ ಬ್ರಾಕೆಟ್ ಮಾತು ಇದು: “ಕರ್ಣನ ಕವಚ ಉಂಟಲ್ಲ, ಅದನ್ನು ಇಂದ್ರನ ಅರ್ಥಧಾರಿ ಕಿತ್ತುಕೊಳ್ಳುವುದಿಲ್ಲ ಮಾರಾಯ್ರೇ. ಅವ ಬೇಡುತ್ತಾನೆ. ಕತ್ತರಿಸಿ ಕೊಡುವವ ಕರ್ಣನ ಅರ್ಥಧಾರಿ. ಕವಚ ಹೋಗ್ತದೆ ಅಂತ ಇಬ್ಬರಿಗೂ ಮೊದಲೇ ಗೊತ್ತು, ಪ್ರಸಂಗದಲ್ಲೇ ಉಂಟು. ಆದರೂ ಜನ ರಾತ್ರಿ ಕೂತು ಕೇಳ್ತಾರೆ. ಯಾಕೆ? ಕೊಡುವಾಗ ಕರ್ಣ ಎಂತ ಹೇಳ್ತಾನೆ ಅಂತ.”

ನಮ್ಮ ಒಪ್ಪಂದ ಹುಟ್ಟಿದ್ದು ಈ ಮಾತಿನಿಂದ: ಬೀಗದ ಬಿರುಕನ್ನು ಬೀಗದ ಒಡೆಯನೇ ಬರೆಯಬೇಕು.

ವಿವರ ಇಷ್ಟು. ಬೀಗ ಯಾವ ತರಹದ್ದೆಂಬುದು ಎಲ್ಲರ ಹಾಳೆಯಲ್ಲೂ ಬಹಿರಂಗ. ಬಿರುಕು ಎಲ್ಲಿದೆ ಎಂಬುದು ಒಡೆಯನಿಗೂ ಭಾಗವತನಿಗೂ ಮಾತ್ರ ಗೊತ್ತು. ಬೆಂಗಳೂರಿನವನು ಇದನ್ನು ಕಂಡು ಖುಷಿಪಟ್ಟ. 1883ರಲ್ಲೇ ಆಗಸ್ಟ್ ಕೆರ್ಕಾಫ್ಸ್ ಎಂಬಾತ ಇದೇ ಅರ್ಥದ ಮಾತು ಹೇಳಿದ್ದನಂತೆ: ಬೀಗದ ರಚನೆ ಶತ್ರುವಿನ ಕೈಗೆ ಸಿಕ್ಕರೂ ಚಿಂತೆಯಿರಬಾರದು, ಗುಟ್ಟು ಕೀಲಿಯಲ್ಲಿರಬೇಕು. ಒಡೆಯಲು ಬರುವವರು ‘ಒಡೆದಳು’ ಎಂದು ಬರೆಯುವಂತಿಲ್ಲ. ‘ಹೀಗೆ ಪ್ರಯತ್ನಿಸಿದಳು’ ಎಂದು ಬರೆದು ನಿಲ್ಲಿಸಬೇಕು. ಏನಾಯಿತೆಂದು ಬರೆಯುವವರು ಒಡೆಯರು. ಒಳಗೆ ಏನಿತ್ತೆಂದು ಬರೆಯುವ ಹಕ್ಕೂ ಅವರದೇ. ನಾವು ತಿಂಗಳುಗಟ್ಟಲೆ ಕಾಣದೆ ಹೋದದ್ದು ಇದನ್ನೇ. ಅಕ್ಕನಿಗೆ ನೋವಾದದ್ದು ಗೂಢಲಿಪಿ ಒಡೆದದ್ದಕ್ಕಲ್ಲ. ತಾನಿನ್ನೂ ಬರೆದೇ ಇರದ ಫೈಲುಗಳನ್ನು ಬೇರೆಯವನು ಪೆನ್‌ಡ್ರೈವಿಗೆ ಹಾಕಿಕೊಂಡದ್ದಕ್ಕೆ. ಬಿರುಕೇ ಇಲ್ಲದ ಬೀಗ ಬೇಕೆಂದರೆ ಇಟ್ಟುಕೊಳ್ಳಬಹುದು, ಆದರೆ ಅದರೊಳಗೆ ಇತರರ ಕಥೆ ಮುಂದುವರಿಯಲು ಬೇಕಾದದ್ದು ಏನೂ ಇರಕೂಡದು. ಕೊನೆಯದಾಗಿ, ನಿಜವಾದ ಕಮಾಂಡು, ನಿಜವಾದ ಕಂಪನಿ, ನಿಜವಾದ ಬ್ಯಾಂಕು ಕಥೆಯೊಳಗೆ ಬರಕೂಡದು. ಇದು ಬೆಂಗಳೂರಿನವನ ಹಠ, ನಾನು ತಕ್ಷಣ ಒಪ್ಪಿದೆ.

ತುಂಗಾಳ ಹಾಳೆ ಹೊಸದಾಗಿ ಬರೆದಾಗ ಚಿಕ್ಕದಾಗುತ್ತದೆ ಅಂದುಕೊಂಡಿದ್ದೆ, ದೊಡ್ಡದಾಯಿತು. ನೀರಿಗೆ ಬಿದ್ದ ಫೋನಿನಿಂದ ಫೋಟೋ ಎತ್ತಬಲ್ಲಳು. ಚಿಕ್ಕ ಸ್ಕ್ರಿಪ್ಟ್ ಬರೆಯಬಲ್ಲಳು, ಅದೂ ಎಡವುತ್ತಾ. ಸರ್ವರ್ ಕಂಡರೆ ಭಯ. ಅವಳ ನಿಜವಾದ ಬಲ ಬೇರೆಯೇ. ಊರವರು ರಿಪೇರಿಗೆ ಫೋನ್ ಕೊಡುವಾಗ ಚೀಟಿಯ ಮೇಲೆ ತಾವೇ ಪಿನ್ ಬರೆದುಕೊಡುತ್ತಾರೆ, ಪ್ಯಾಟರ್ನ್ ಆದರೆ ಒಂಬತ್ತು ಚುಕ್ಕಿ ಹಾಕಿ ಗೆರೆ ಎಳೆದು ತೋರಿಸುತ್ತಾರೆ. ಆ ಚೀಟಿಗಳೆಲ್ಲ ಅಂಗಡಿಯ ಡಬ್ಬಿಯಲ್ಲಿವೆ. ಇದನ್ನು ಸೇರಿಸಿದವನು ಹುಡುಗನೇ, ಅವನ ಮಾವನದು ಅಂಥದೇ ಅಂಗಡಿ. ‘ಯಾವ ಸಿಸ್ಟಮ್ ಆದರೂ’ ಎಂಬ ಸಾಲಿಗಿಂತ ಆ ಡಬ್ಬಿ ನನಗೆ ಹೆಚ್ಚು ಭಯ ಹುಟ್ಟಿಸಿತು.

ಅಕ್ಕ ನನಗೆ ಗುಟ್ಟಾಗಿ ಕಳಿಸಿದ ಬಿರುಕು ಹೀಗಿತ್ತು. ಮೇಷ್ಟ್ರಿಗೆ ಮರೆವು. ಹಾಗಾಗಿ ಕೀಲಿಯನ್ನು ಕಟಪಯಾದಿಯಲ್ಲಿ, ಅಂದರೆ ಅಕ್ಷರಕ್ಕೊಂದು ಅಂಕಿ ಕೊಡುವ ಹಳೇ ಪದ್ಧತಿಯಲ್ಲಿ, ಇಟ್ಟಿದ್ದಾರೆ. ಸಂಗೀತ ಕಲಿತವರಿಗೆ ಇದು ಗೊತ್ತು. 72 ಮೇಳಕರ್ತ ರಾಗಗಳ (ತಾಯಿ ರಾಗಗಳ) ಹೆಸರಿನ ಮೊದಲೆರಡು ಅಕ್ಷರ ಹಿಡಿದು, ಅಂಕಿ ಮಾಡಿ, ತಿರುಗಿಸಿದರೆ ರಾಗದ ಕ್ರಮಸಂಖ್ಯೆ ಸಿಗುತ್ತದೆ. ಧೀರಶಂಕರಾಭರಣದಲ್ಲಿ ಧ ಅಂದರೆ 9, ರ ಅಂದರೆ 2, ತಿರುಗಿಸಿದರೆ 29. ಮೇಚಕಲ್ಯಾಣಿಯಲ್ಲಿ ಮ 5, ಚ 6, ಅದು 65. ಮಾಯಾಮಾಳವಗೌಳ 15. ಈ ಮೂರು ಸೇರಿ 152965.

ಇದು ಸಾಕೇ ಎಂದು ತಿಳಿಯಲು, ಗುಟ್ಟು ಬಿಡದೆ ಬೆಂಗಳೂರಿನವನನ್ನು ಕೇಳಿದೆ: “ಲ್ಯಾಪ್‌ಟಾಪಿನ ಗೂಢಲಿಪಿಗೆ ಆರಂಕಿ ಇಟ್ಟರೆ?” ಆ ಸಾಫ್ಟ್‌ವೇರು ಪ್ರತಿ ಊಹೆಯನ್ನೂ ಬೇಕೆಂದೇ ನಿಧಾನ ಮಾಡುತ್ತದೆ, ಸೆಕೆಂಡಿಗೆ ಹತ್ತು ಊಹೆ ಎಂದು ಹಿಡಿಯೋಣ ಅಂದ. ಆರಂಕಿ ಅಂದರೆ ಹತ್ತು ಲಕ್ಷ ಸಾಧ್ಯತೆ. 28 ಗಂಟೆಯೊಳಗೆ ಮುಗಿಯಿತು. ಅಕ್ಕನಿಗೆ ತಿಳಿಸಿದೆ. ಅವರು ಮೂರು ರಾಗವನ್ನು ಏಳು ಮಾಡಿದರು, ಅಂಕಿ ಹದಿನಾಲ್ಕಾಯಿತು. ಅದೇ ವೇಗದಲ್ಲಿ ಮೂರು ಲಕ್ಷ ವರ್ಷಕ್ಕೂ ಮೇಲೆ. ಮೇಳರಾಗಗಳೇ ಎಂದು ಯಾರಿಗಾದರೂ ಗೊತ್ತಾದರೂ 72ರಲ್ಲಿ ಏಳನ್ನು, ಒಂದೇ ರಾಗ ಮತ್ತೆ ಬರಬಹುದೆಂದು ಹಿಡಿದು, ಒಂದರ ಪಕ್ಕ ಒಂದಿಟ್ಟು ನೋಡಲು ಸುಮಾರು 10 ಲಕ್ಷ ಕೋಟಿ ಬಗೆ, 30 ಸಾವಿರ ವರ್ಷಕ್ಕೂ ಹೆಚ್ಚು. ಯಾವ ಏಳು ಎಂದು ಗೊತ್ತಾಗಿ, ಕ್ರಮವೊಂದೇ ಗೊತ್ತಿಲ್ಲದಿದ್ದರೆ? 5,040 ಬಗೆ. ಎಂಟೂವರೆ ನಿಮಿಷ.

ಮೂರು ಲಕ್ಷ ವರ್ಷದಿಂದ ಎಂಟೂವರೆ ನಿಮಿಷಕ್ಕೆ ಇಳಿಯಲು ತುಂಗಾಗೆ ಬೇಕಾದದ್ದು ಕಂಪ್ಯೂಟರ್ ಅಲ್ಲ, ಮೇಷ್ಟ್ರ ಪರಿಚಯ.

ಐದು ವಾರ ಹಿಡಿಯಿತು. ಅಷ್ಟರಲ್ಲಿ ಒಪ್ಪಂದಕ್ಕೆ ಒಂದು ತೇಪೆಯನ್ನೂ ಹಾಕಬೇಕಾಯಿತು, ಯಾಕೆಂದರೆ ಸಬ್ ಇನ್ಸ್‌ಪೆಕ್ಟರ್ ಬೇರೆ ದಾರಿ ಹಿಡಿದ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ನೇ ಸೆಕ್ಷನ್ ಹೇಳಿ, ಕೀಲಿ ಕೊಡದಿದ್ದರೆ ಏಳು ವರ್ಷದವರೆಗೆ ಜೈಲು ಎಂದು ಮೇಷ್ಟ್ರನ್ನು ಠಾಣೆಯಲ್ಲಿ ಕೂರಿಸಿದ. ಹ್ಯಾಕಿಂಗ್ ಅಲ್ಲವಲ್ಲ, ಕಾನೂನು! ಆದರೆ ಆಡುವವರ ಲೆಕ್ಕದಲ್ಲಿ ಇದೂ ಇನ್ನೊಬ್ಬರ ಬೀಗಕ್ಕೆ ಕೈ ಹಾಕಿದ್ದೇ. ಪಿಡಿಒ ಬಾಯಲ್ಲಿ ಸರ್ ಅವನನ್ನು ಚೆನ್ನಾಗಿ ಹಿಡಿದರು: ಅಂಥ ಆದೇಶ ಬರಬೇಕಾದದ್ದು ಗೃಹ ಕಾರ್ಯದರ್ಶಿಯ ಮಟ್ಟದಿಂದ, “ನಿಮ್ಮ ಸ್ಟೇಷನ್ನಿನ ಜೆರಾಕ್ಸ್ ಮೆಷಿನ್ನಿನಿಂದ ಅಲ್ಲ ಸಾಹೇಬ್ರೇ.” ಅಧಿಕಾರ, ಬೆದರಿಕೆ, ಔಷಧಿ, ಮಂತ್ರ, ಯಾವುದರಿಂದ ಬೀಗ ತೆಗೆಸಿದರೂ ಅದೇ ನಿಯಮ ಎಂದು ಆವತ್ತೇ ಸೇರಿಸಿದೆವು.

ಸುಳಿವು ಸಿಕ್ಕಿದ್ದು ಚಹಾ ಅಂಗಡಿಯಲ್ಲಿ. “ಮೇಷ್ಟ್ರಿಗೆ ಏಳು ಮಕ್ಕಳು,” ಅಂದಿದ್ದಳು ಅಂಗಡಿಯ ಅಜ್ಜಿ. ಮೇಷ್ಟ್ರು ಮದುವೆಯೇ ಆದವರಲ್ಲ. ಹುಡುಗ ಇದನ್ನು ಎರಡು ವಾರ ಗಮನಿಸಲೇ ಇಲ್ಲ. ಮೇಷ್ಟ್ರಿಗೆ ಯಾವುದೋ ಗುಟ್ಟಿನ ಸಂಸಾರ ಇದೆಯೆಂದು ಸಾಗರದ ತನಕ ತುಂಗಾಳನ್ನು ಅಲೆಸಿದ. ಅಕ್ಕ ನಗು ತಡೆದುಕೊಂಡು ಅದಕ್ಕೂ ಉತ್ತರ ಬರೆಯುತ್ತಾ ಹೋದರು. ಕೊನೆಗೆ ಮೇಷ್ಟ್ರ ಫೋನ್ ಸ್ಪೀಕರ್ ಕೆಟ್ಟು ರಿಪೇರಿಗೆ ಬಂತು, ಚೀಟಿಯಲ್ಲಿ ಪಿನ್ ಸಮೇತ. ಒಳಗೆ ಶಿಷ್ಯರಿಗೆಂದು ಹಾಡಿ ಇಟ್ಟಿದ್ದ ಏಳು ರೆಕಾರ್ಡಿಂಗು. ಮೊದಲನೆಯದರಲ್ಲಿ ಮೇಷ್ಟ್ರ ದನಿ: “ಇವಳು ನನ್ನ ಹಿರೀಮಗಳು, ಕೀರವಾಣಿ.” ತುಂಗಾಗೆ ರಾಗ ತಿಳಿಯದು. ಪಿಡಿಒ ಚಿಕ್ಕಂದಿನಲ್ಲಿ ಸರಳೆ ವರಸೆವರೆಗೆ ಕಲಿತವನು, ಕಟಪಯಾದಿ ಬಿಡಿಸಿಕೊಟ್ಟವನು ಅವನು. ಸಬ್ ಇನ್ಸ್‌ಪೆಕ್ಟರ್ ಅಂಗಡಿ ಹೊರಗೆ ಬೈಕ್ ನಿಲ್ಲಿಸಿಕೊಂಡು ಕಾಯುತ್ತಿದ್ದ. ನಾಲ್ವರೂ ಒಂದೇ ದೃಶ್ಯದಲ್ಲಿ ಇದ್ದದ್ದು ಅದೇ ಮೊದಲು.

ಸ್ಕ್ರಿಪ್ಟ್ ಎಂಟೂವರೆ ನಿಮಿಷ ಓಡಿತು. ತೆರೆಯಲಿಲ್ಲ.

ಅಕ್ಕ ಅಷ್ಟನ್ನೇ ಬರೆದು ಸುಮ್ಮನಾದರು. ಹುಡುಗ ತಲೆ ಕೆಡಿಸಿಕೊಂಡ, ಬ್ರಾಕೆಟ್‌ನಲ್ಲಿ ಗೋಗರೆದ, ಅಕ್ಕ ಜಪ್ಪಯ್ಯ ಅನ್ನಲಿಲ್ಲ. ಹನುಮತೋಡಿಯಲ್ಲಿ ಹ 8, ನ ಸೊನ್ನೆ, ತಿರುಗಿಸಿದರೆ 08. ತುಂಗಾ ಬರೀ 8 ಎಂದು ಹಾಕಿದ್ದಳು, ಕೀಲಿ ಹದಿಮೂರೇ ಅಂಕಿ ಆಗಿತ್ತು. ಅವನಿಗೆ ಹೊಳೆಯಲು ಮುಂದಿನ ಶನಿವಾರವೇ ಬರಬೇಕಾಯಿತು. ಆ ಒಂದು ಸೊನ್ನೆಯ ತಪ್ಪು ಆಫೀಸಿನಲ್ಲಿ ತಾನೂ ಮಾಡಿದ್ದೆನೆಂದು ಬೆಂಗಳೂರಿನವನು ಒಪ್ಪಿಕೊಂಡ. ಅಷ್ಟು ದಿನದಲ್ಲಿ ಅವನ ಬಾಯಿಂದ ಬಂದ ಮೊದಲ ‘ನನಗೂ ಗೊತ್ತಿರಲಿಲ್ಲ’ ಅದು.

ಎಲ್ಲ ಸರಿಹೋಯಿತೆಂದಲ್ಲ. ಈ ಒಪ್ಪಂದ ನಿಧಾನ. ಓಡುವ ದೃಶ್ಯಗಳಿಗೆ, ಬೆನ್ನಟ್ಟುವಾಗ ಸಿಸಿಟಿವಿ ಆಫ್ ಮಾಡುವಂಥವಕ್ಕೆ, ಇದು ಹೊಂದುವುದಿಲ್ಲ. ಅಲ್ಲಿ ಇವತ್ತಿಗೂ ನಾನೇ ಹೌದು-ಅಲ್ಲ ಎಂದುಬಿಡುತ್ತೇನೆ. ಒಡೆಯರು ಮುನಿಸಿಕೊಂಡಿದ್ದರೆ ಬಿರುಕನ್ನು ಎಷ್ಟು ಬೇಕಾದರೂ ದೂರ ಎಳೆಯಬಹುದು, ಅದಕ್ಕೂ ಮದ್ದಿಲ್ಲ. ಠಾಣೆಯ ಸರ್ವರ್‌ಗೆ ಬೆಂಗಳೂರಿನವನು ಕೊಟ್ಟ ಬಿರುಕು ‘ಯುಪಿಎಸ್ ಬ್ಯಾಟರಿ ಸತ್ತಿದೆ’ ಎಂಬುದು. ಅದನ್ನು ಇನ್ನೂ ಯಾರೂ ಕಂಡುಕೊಂಡಿಲ್ಲ, ಇದನ್ನು ಅವರು ಓದಿದರೆ ಅವನು ನನ್ನನ್ನು ಬಿಡುವುದಿಲ್ಲ.

ಲ್ಯಾಪ್‌ಟಾಪ್ ತೆರೆದ ರಾತ್ರಿ ಅಕ್ಕ ಬರೆದದ್ದು ನಾಲ್ಕು ಸಾಲು. ಪರದೆಯ ಮೇಲೆ ಐದು ಫೋಲ್ಡರು. ಒಂದರ ಹೆಸರು ‘ಪರಿಹಾರ’. ಮೂರನೆಯದಕ್ಕೆ ಹೆಸರಿಲ್ಲ, ತುಂಗಾಳ ಅಮ್ಮನ ಹುಟ್ಟಿದ ದಿನಾಂಕವಿದೆ.

ಹುಡುಗ ತುಂಬಾ ಹೊತ್ತು ಟೈಪ್ ಮಾಡುತ್ತಿದ್ದ, ಅಳಿಸುತ್ತಿದ್ದ. ಕೊನೆಗೆ ಬಂದದ್ದು ಬ್ರಾಕೆಟ್ ಮಾತು: “ಅಕ್ಕಾ, ಇವನ್ನ ಓದಲಾ?”

“ಓದು. ಮೂರನೇದು ಬಿಟ್ಟು.”

ಅದು ಇನ್ನೂ ಹಾಗೇ ಇದೆ.